ಬಂದರನ್ನು ನದಿ ದಂಡೆಗೆ ಸಾಗಿಸಿದ್ದು

ನಮ್ಮ ಕಾಲೇಜಿನಲ್ಲಿ ನನಗಿಂತ ಚೆನ್ನಾಗಿ ಬೆಳೆದ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ. ಇದು ನನ್ನ ಮಾತಲ್ಲ, ನಮ್ಮ ಪ್ಲೇಸ್‌ಮೆಂಟ್ ಮೇಷ್ಟ್ರ ಮಾತು. "ವಿದ್ಯಾರ್ಥಿ ಮೂರು ಕಡೆ ಬೆಳೆಯಬೇಕು. ಓದಿನಲ್ಲಿ, ವೃತ್ತಿಯಲ್ಲಿ, ವ್ಯಕ್ತಿತ್ವದಲ್ಲಿ!" ಎಂದು ಅವರು ಮೂರು ಬೆರಳೆತ್ತಿ ಹೇಳುವಾಗ ಮೊದಲ ಬೆಂಚಿನಿಂದ "ಹೌದು ಸರ್" ಎನ್ನುತ್ತಿದ್ದವಳು ನಾನು. ಒಮ್ಮೆ ಅವರು ಮರೆತು ನಾಲ್ಕು ಬೆರಳೆತ್ತಿದರು. ಆಗಲೂ ಹೌದು ಸರ್ ಎಂದೆ. ಇಂಥ ಹುಡುಗಿ ಬೆಳೆಯದೆ ಇನ್ಯಾರು ಬೆಳೆಯಬೇಕು!

ನಿಜ ಹೇಳಬೇಕೆಂದರೆ ಅದು ವಿನಯ ಅಲ್ಲ, ಭಯ. ನನಗೆ ಮೇಷ್ಟ್ರ ಭಯ, ಬಸ್ ಕಂಡಕ್ಟರ್ ಭಯ, ಫೋನ್ ಎತ್ತಿದ ತಕ್ಷಣ "ಯಾರು?" ಎನ್ನುವವರ ಭಯ. ಎದುರಿಗಿದ್ದವರು ಸ್ವಲ್ಪ ಹುಬ್ಬು ಗಂಟಿಕ್ಕಿದರೆ ಸಾಕು, ಬಾಯಿ ನನ್ನನ್ನು ಕೇಳದೆಯೇ "ಹೌದು" ಎಂದುಬಿಡುತ್ತದೆ. ಕೋಲೆ ಬಸವನಿಗಾದರೂ ಯಾವಾಗ ತಲೆಯಾಡಿಸಬೇಕು ಎಂದು ಯಾರಾದರೂ ಹೇಳಿಕೊಡುತ್ತಾರೆ. ನನಗೆ ಅದೂ ಬೇಕಾಗಿರಲಿಲ್ಲ.

ನಮ್ಮ ಮನೆ ವಿಶಾಖಪಟ್ಟಣದ ಗಾಜುವಾಕದಲ್ಲಿ. ಅವ್ವ ಹುಬ್ಬಳ್ಳಿಯವಳು. ಅಪ್ಪ ತೆಲುಗಿನವರು, ಹಾಗಾಗಿ ಅವರನ್ನು ನಾನು ಕರೆಯುವುದು ನಾನ್ನ ಎಂದು. ಮದುವೆಯಾದ ಹೊಸದರಲ್ಲಿ ಅವ್ವನಿಂದ ಹುಬ್ಬಳ್ಳಿ ಕನ್ನಡ ಕಲಿತ ನಾನ್ನ, ಅದನ್ನು ಇವತ್ತಿಗೂ ತೆಲುಗಿನ ಒಗ್ಗರಣೆ ಹಾಕಿ ಆಡುತ್ತಾರೆ. ಅವರು ಬಂದರಿನಲ್ಲಿ ಕ್ರೇನ್ ನಡೆಸುವವರು. ಹಡಗುಗಳ ವಿಷಯ ಬಿಟ್ಟರೆ ಅವರಿಗೆ ಬೇರೆ ಮಾತಿಲ್ಲ. ನಾನು ಸರಕು ಸಾಗಣೆ ಕಲಿಸುವ ಬಿಬಿಎ ಲಾಜಿಸ್ಟಿಕ್ಸ್ ಸೇರಿದ್ದೂ ಅವರು "ಸೇರ್ತಿ ಹೌದಿಲ್ಲೊ?" ಎಂದು ಕೇಳಿದ್ದಕ್ಕೇ. ಏನು ಉತ್ತರ ಕೊಟ್ಟೆನೆಂದು ನೀವೇ ಊಹಿಸಿಕೊಳ್ಳಿ.

ಕೊನೆಯ ವರ್ಷ ಒಂದು ಅವಕಾಶ ಬಂತು. ಸಿಗಡಿ ರಫ್ತು ಮಾಡುವ ಒಂದು ಕಂಪನಿಗೆ ನಮ್ಮ ಬಂದರಿನಲ್ಲಿ ತರಬೇತಿಗೆ ಒಬ್ಬರು ಬೇಕು. ಒಬ್ಬರೇ. ಬಂದರಿನ ಗೇಟಿನಲ್ಲಿ ನಿಂತು ಸಿಗಡಿ ತುಂಬಿದ ಲಾರಿಗಳನ್ನು ನೋಡಬೇಕು, ಒಳಗೆ ತಂಪು ಕಮ್ಮಿಯಾಗಿದ್ದರೆ "ಇಲ್ಲ, ವಾಪಸ್ ಹೋಗು" ಎನ್ನಬೇಕು. ಸಂದರ್ಶನ ವಿಜಯವಾಡದ ಮುಖ್ಯ ಆಫೀಸಿನಲ್ಲಿ. ನಾನ್ನ ಕುಣಿದುಬಿಟ್ಟರು. "ನಮ್ಮ ತಲ್ಲಿ ಬಂದರಿಗೆ ಬರ್ತಾಳ!" ಎಂದು ಕ್ರೇನಿನವರು, ಗೇಟಿನವರು, ಕ್ಯಾಂಟೀನಿನವರು ಎಲ್ಲರಿಗೂ ಹೇಳಿ ಬಂದರು. ಮಗಳನ್ನು ತಲ್ಲಿ, ಅಂದರೆ ತಾಯಿ, ಎನ್ನುವುದು ಅವರ ಮುದ್ದು. ಅವರ ಮುಖದ ಆ ಹಿಗ್ಗು ನೋಡಿ ನನಗೆ ಜ್ವರ ಬಂದಂತಾಯಿತು.

ಹೊರಡುವ ಬೆಳಿಗ್ಗೆ ಅವ್ವ ಚೂಡಿದಾರ ಕಿತ್ತುಕೊಂಡಳು. "ಇದನ್ನ ಹಾಕ್ಕೊಂಡ್ ಹೋದ್ರ ಸಣ್ಣ ಹುಡುಗಿ ಅಂತಾರ. ಸೀರಿ ಉಡು. ದೊಡ್ಡಾಕಿ ಹಂಗ ಕಾಣಬೇಕು." ಇಳಕಲ್ ಸೀರೆ ಉಡಿಸಿದಳು, ತುರುಬು ಕಟ್ಟಿದಳು, ಕೈಗೆ ನಾನ್ನನ ಚರ್ಮದ ಬ್ಯಾಗು ಕೊಟ್ಟಳು. ಕನ್ನಡಿಯಲ್ಲಿ ನೋಡಿದರೆ ನಮ್ಮ ಶಾಲೆಯ ಹೆಡ್‌ಮಿಸ್! ನನಗೆ ನನ್ನದೇ ಭಯವಾಯಿತು.

"ಮತ್ತ ಶಾಲಿನಿ," ಎಂದಳು ಅವ್ವ, ಬುತ್ತಿ ಕಟ್ಟುತ್ತ. "ರೈಲಿನಾಗ ಯಾರ ಜೋಡಿನೂ ಎದುರು ಮಾತಾಡಬ್ಯಾಡ. ಬಾಜೂಕ ಕುಂತಾಂವನ ನಿನ್ನ ಪರೀಕ್ಷಾ ಮಾಡೋ ಸಾಹೇಬ ಇದ್ರೂ ಇರಬಹುದು. ಯಾವ ಹುತ್ತದಾಗ ಯಾವ ಹಾವು ಐತೋ ಯಾರಿಗೆ ಗೊತ್ತು!"

ಈ ಒಂದು ಮಾತು ಆಕೆ ಹೇಳಬಾರದಿತ್ತು.

ರೈಲು ಹತ್ತಿದೆ. ಮೂವರು ಕೂರುವ ಸೀಟು. ಕಿಟಕಿಯ ಬಳಿ ಹಾವು ಕೂತಿತ್ತು! ಅಂದರೆ ಸಾಹೇಬರು. ನಡುನೆತ್ತಿ ಪೂರಾ ಬೋಳು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಅದೇ ಕಂಪನಿಯ ಪರಿಚಯ ಪುಸ್ತಕ, ಮುಖಪುಟದಲ್ಲಿ ಮೀಸೆ ಚಾಚಿದ ಸಿಗಡಿ. ಅಂಥದ್ದೇ ಪುಸ್ತಕ ನನ್ನ ಕೈಯಲ್ಲೂ ಇತ್ತು, ಕಂಪನಿಯವರು ಅಭ್ಯರ್ಥಿಗಳಿಗೆಲ್ಲ ಕಳಿಸಿದ್ದರು. ಆದರೆ ಆ ಹೊತ್ತಿಗೆ ನನ್ನ ತಲೆ ಕೆಲಸ ಮಾಡುವುದನ್ನು ನಿಲ್ಲಿಸಿತ್ತು.

ಸಾಹೇಬರು ನನ್ನನ್ನು ನೋಡಿದರು. ನನ್ನ ಪುಸ್ತಕ ನೋಡಿದರು. ದಡಕ್ಕನೆ ಎದ್ದು ನಿಂತರು.

"ಕಿಟಕಿ ಸೀಟು ನೀವು ತಗೊಳ್ಳಿ ಮೇಡಂ."

ಮಾತೆಲ್ಲ ತೆಲುಗಿನಲ್ಲಿ ನಡೆದದ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ಪರೀಕ್ಷೆ ಆಗಲೇ ಶುರುವಾಗಿದೆ! ಸಾಹೇಬರ ಸೀಟು ಕಿತ್ತುಕೊಳ್ಳುವವಳೋ ಅಲ್ಲವೋ ಎಂದು ನೋಡುತ್ತಿದ್ದಾರೆ.

"ಅಯ್ಯೋ ಬೇಡ ಸರ್, ನೀವೇ ಕೂತ್ಕೊಳ್ಳಿ."

"ಇಲ್ಲ ಮೇಡಂ, ನೀವು."

"ನೀವು ಸರ್."

ಹಿಂದೆ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಜೀನ್ಸು, ಹವಾಯಿ ಚಪ್ಪಲಿ. ಸ್ವಲ್ಪ ಹೊತ್ತು ನೋಡಿದಳು. "ಇಬ್ಬರಿಗೂ ಬೇಡ ತಾನೇ?" ಎಂದು ನಮ್ಮಿಬ್ಬರ ನಡುವೆ ನುಗ್ಗಿ ಕಿಟಕಿಯ ಬಳಿ ಕೂತು, ಚಪ್ಪಲಿ ಕಳಚಿ ಕಾಲು ಮಡಚಿ ನಿದ್ದೆ ಹೋದಳು. ಇಂಥವರೆಲ್ಲ ಬದುಕಿನಲ್ಲಿ ಹೇಗೆ ಮುಂದೆ ಬರುತ್ತಾರೋ ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಅನಕಾಪಲ್ಲಿ ದಾಟುವಷ್ಟರಲ್ಲಿ ಸಾಹೇಬರು ಚಹಾ ಕೊಡಿಸಿದರು. ನಾನು ಚಹಾ ಕುಡಿಯುವವಳಲ್ಲ. ಕುಡಿದೆ. ಖಾಲಿ ಲೋಟ ನೋಡಿ ಇನ್ನೊಂದು ಕೊಡಿಸಿದರು. ಅದನ್ನೂ ಕುಡಿದೆ. ಋಣ ತೀರಿಸಲು ಅವ್ವನ ಚಪಾತಿ, ಶೇಂಗಾ ಚಟ್ನಿ ಬಿಚ್ಚಿ ಅವರ ಮುಂದಿಟ್ಟೆ. ಅವ್ವನ ಚಟ್ನಿಯೆಂದರೆ ಸಾಮಾನ್ಯವಲ್ಲ, ನಮ್ಮ ಬೀದಿಯ ಗುಂಟೂರಿನವರೇ ಅದಕ್ಕೆ ಕೈ ಮುಗಿದಿದ್ದಾರೆ. ಸಾಹೇಬರು ಒಂದು ತುತ್ತು ಬಾಯಿಗಿಟ್ಟರು. ಬೋಳು ನೆತ್ತಿಯ ಮೇಲೆ ಬೆವರು ಮೂಡಿತು. ಕಣ್ಣು ಕೆಂಪಾಯಿತು.

"ಖಾರ ಆಯ್ತಾ ಸರ್?"

"ಇಲ್ಲ ಮೇಡಂ, ಬಹಳ ಸಿಹಿಯಾಗಿದೆ," ಎಂದರು, ಕಣ್ಣೀರು ಒರೆಸಿಕೊಳ್ಳುತ್ತ.

ಪ್ರತಿಯಾಗಿ ತಮ್ಮ ಡಬ್ಬಿಯ ಪುಳಿಹೋರ ಎಂಬ ಹುಣಸೆ ಅನ್ನ ನನಗೆ ಬಡಿಸಿದರು. ಉಪ್ಪೇ ಇರಲಿಲ್ಲ. ಅಮೃತ ಸರ್ ಎಂದೆ.

ರಾಜಮಂಡ್ರಿಯಲ್ಲಿ ಗೋದಾವರಿ ಬಂತು. ಮೌನವಾಗಿದ್ದರೆ ದಡ್ಡಿ ಎಂದುಕೊಂಡಾರೆಂದು "ನದಿ ತುಂಬಿದೆ ಅಲ್ವಾ ಸರ್?" ಎಂದೆ. "ತುಂಬಿ ತುಳುಕ್ತಾ ಇದೆ ಮೇಡಂ," ಎಂದರು. ನೋಡಿದರೆ ಎಲ್ಲೆಲ್ಲೂ ಮರಳು. ಹೆದರಿ "ಆದರೂ ನೀರು ಸ್ವಲ್ಪ ಕಮ್ಮಿ," ಎಂದೆ. "ಒಂದು ಹನಿ ಇಲ್ಲ ಮೇಡಂ!" ಎಂದರು. ಕಿಟಕಿಯ ಹುಡುಗಿ ಒಂದು ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಳು.

ವಿಜಯವಾಡದಲ್ಲಿ ಇಳಿದು ಆಟೋ ಹತ್ತಿರ ನಿಂತೆವು. ಮೊದಲು ನೀವು ಹತ್ತಿ ಮೇಡಂ, ಮೊದಲು ನೀವು ಸರ್. ಆಟೋದವನು ಬೇಸತ್ತು ಹೊರಟೇಹೋದ. ಎರಡನೆಯವನು "ಎಕ್ಕಡಿಕಿ?", ಅಂದರೆ ಎಲ್ಲಿಗೆ, ಎಂದು ಗದರಿದಾಗ ಇಬ್ಬರ ಬಾಯಿಂದಲೂ ಒಟ್ಟಿಗೇ ಅದೇ ಕಂಪನಿಯ ಹೆಸರು ಹೊರಟಿತು. ಇನ್ನು ಅನುಮಾನವೇ ಉಳಿಯಲಿಲ್ಲ. ಇವರೇ ಸಾಹೇಬರು!

ಆಫೀಸಿನ ಬಾಗಿಲಲ್ಲಿ ವಾಚ್‌ಮನ್ "ಸಂದರ್ಶನಕ್ಕೆ ಬಂದವರು ಈ ಬೆಂಚಿಗೆ!" ಎಂದು ಕೂಗಿದ. ನಾನು ಹೋಗಿ ಕೂತೆ. ಸಾಹೇಬರೂ ಬಂದು ಪಕ್ಕದಲ್ಲಿ ಕೂತರು.

ಬೆಂಚನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮೇಡಂ, ನೀವ್ಯಾಕೆ ಈ ಬೆಂಚಿನ ಮೇಲೆ?" ಎಂದರು ಅವರು, ಮೆಲ್ಲಗೆ.

"ಸರ್, ನೀವ್ಯಾಕೆ?"

ಸಾಹೇಬರ ಹೆಸರು ಪ್ರಸಾದ್. ಡಿಗ್ರಿಯ ಕೊನೆಯ ವರ್ಷ, ನನ್ನ ಹಾಗೆಯೇ. ಕೂದಲು ಅವರ ಮನೆತನದಲ್ಲೇ ಬೇಗ ಉದುರುತ್ತದಂತೆ. ಅಂಗಿ ಅಣ್ಣನದು. "ರೈಲಿನಲ್ಲಿ ಯಾರಿರುತ್ತಾರೋ, ಹುಷಾರು," ಎಂದು ಅವನಿಗೆ ಹೇಳಿ ಕಳಿಸಿದ್ದು ಅವನ ಅಮ್ಮ! ನಾವಿಬ್ಬರೂ ಇಂಗು ತಿಂದ ಮಂಗನಂತೆ ಒಬ್ಬರನ್ನೊಬ್ಬರು ನೋಡುತ್ತಿದ್ದಾಗ ಕಿಟಕಿ ಸೀಟಿನ ಹುಡುಗಿ ಹವಾಯಿ ಚಪ್ಪಲಿಯಲ್ಲಿ ಪಟಪಟ ಬಂದು ಬೆಂಚಿನ ಆ ತುದಿಯಲ್ಲಿ ಕೂತಳು. ಅವಳ ಚೀಲದಿಂದಲೂ ಅದೇ ಮುಖಪುಟದ ಸಿಗಡಿ ಇಣುಕುತ್ತಿತ್ತು.

ಮೊದಲು ನನ್ನನ್ನು ಕರೆದರು.

ಒಳಗೆ ಒಬ್ಬ ಮೇಡಂ. ಪಕ್ಕದ ಮನೆಯ ಅತ್ತೆಯಂತೆ ನಗುಮುಖ. ಆದರೆ ನನ್ನ ಭಯಕ್ಕೆ ನಗು, ಸಿಟ್ಟು ಎಂಬ ಭೇದವಿಲ್ಲ.

"ಮೂರು ವರ್ಷದಲ್ಲಿ ನಿಮ್ಮಲ್ಲಿ ಆದ ಬೆಳವಣಿಗೆ ಏನು?"

ಮೂರು ಬೆರಳೆತ್ತಿ, ಓದು, ವೃತ್ತಿ, ವ್ಯಕ್ತಿತ್ವ ಎಂದು ಒಪ್ಪಿಸಿದೆ. "ಮುಖ್ಯವಾಗಿ ಧೈರ್ಯ ಬಂದಿದೆ ಮೇಡಂ," ಎನ್ನುವಷ್ಟರಲ್ಲಿ ದನಿ ಕೀರಲಾಯಿತು.

"ಒಳ್ಳೇದು. ಲಾರಿ ಡ್ರೈವರ್‌ಗಳು ಜಗಳಕ್ಕೆ ಬರ್ತಾರೆ. ಇಲ್ಲ ಅನ್ನೋಕೆ ಬರುತ್ತಾ ನಿಮಗೆ?"

"ಹೌದು ಮೇಡಂ."

ಅವರು ಕುರ್ಚಿಗೆ ಒರಗಿ, ಹುಬ್ಬು ಸ್ವಲ್ಪ ಗಂಟಿಕ್ಕಿ, ಯಾವುದೋ ಸಾಮಾನ್ಯ ಸಂಗತಿ ಹೇಳುವವರಂತೆ ಕೇಳಿದರು: "ನಿಮ್ಮ ವಿಶಾಖಪಟ್ಟಣದ ಬಂದರು ಇರೋದು ನದಿ ದಂಡೆ ಮೇಲೆ ಅಲ್ವಾ?"

ಓದುಗರೇ, ನನಗೆ ಗೊತ್ತಿತ್ತು. ನಾನು ಹುಟ್ಟಿದ್ದು ಆ ಊರಿನಲ್ಲಿ. ಭಾನುವಾರ ಭಾನುವಾರ ಭೀಮುನಿಪಟ್ಟಣದ ಕಡಲತೀರದ ಮರಳಿನಲ್ಲಿ ಆಡಿ ಕೂದಲ ತುಂಬ ಉಪ್ಪು ತುಂಬಿಕೊಂಡು ಬೆಳೆದವಳು. ನನ್ನ ನಾನ್ನ ಆ ಸಮುದ್ರಕ್ಕೆ ಎದುರಾಗಿ ಕ್ರೇನಿನಲ್ಲಿ ಕೂತು ನನ್ನನ್ನು ಸಾಕಿದವರು. ಇಷ್ಟೆಲ್ಲ ಆ ಕ್ಷಣ ನೆನಪಾಯಿತು. ಆದರೆ ಆ ಹುಬ್ಬು!

"ಹೌದು ಮೇಡಂ," ಎಂದಿತು ಬಾಯಿ.

"ಯಾವ ನದಿ?"

ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ವಿಜಯವಾಡದ ಹೊಳೆ ಥಳಥಳ ಹೊಳೆಯುತ್ತಿತ್ತು.

"ಕೃಷ್ಣಾ, ಮೇಡಂ."

ಹೀಗೆ ಸಮಸ್ತ ಹಡಗುಗಳು, ಗೋದಾಮುಗಳು ಮತ್ತು ನನ್ನ ಹೆತ್ತ ತಂದೆಯ ಸಮೇತ ವಿಶಾಖಪಟ್ಟಣದ ಬಂದರನ್ನು ಬುಡಸಹಿತ ಕಿತ್ತು ವಿಜಯವಾಡಕ್ಕೆ ತಂದಿಳಿಸಿದ ಕೀರ್ತಿ ನನ್ನದಾಯಿತು. ಮೇಡಂ ಮೃದುವಾಗಿ "ಹೋಗಿ ಬನ್ನಿ," ಎಂದರು.

ನನ್ನ ಹಿಂದೆ ಪ್ರಸಾದ್ ಹೋದ. ಹೋದಷ್ಟೇ ಬೇಗ ಬಂದ. ಮುಖದಲ್ಲಿ ರಕ್ತವಿರಲಿಲ್ಲ.

"ನದಿ ಕೇಳಿದ್ರಾ?" ಎಂದೆ.

"ಕೇಳಿದ್ರು."

"ಏನಂದ್ರಿ?"

"ಗೋದಾವರಿ."

ಆಮೇಲೆ ಆ ಹುಡುಗಿ ಹೋದಳು. ಬಾಗಿಲು ಅರೆ ತೆರೆದಿತ್ತು, ಅವಳ ದನಿ ಬೆಂಚಿನವರೆಗೂ ಕೇಳಿಸಿತು. "ನದೀನಾ? ಇಲ್ಲ ಮೇಡಂ, ಸಮುದ್ರ. ನದಿ ಅಂತ ನಿಮಗೆ ಯಾರು ಹೇಳಿದ್ದು?" ಮೇಡಂ ಏನು ಉತ್ತರ ಕೊಟ್ಟರೋ ಕೇಳಿಸಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಕೆಲಸ ಅವಳಿಗೇ ಆಯಿತು.

ವಾಪಸ್ ರೈಲಿನಲ್ಲಿ ಪ್ರಸಾದ್ ಧೈರ್ಯ ಮಾಡಿ "ನಿಮ್ಮ ಚಟ್ನಿ ತುಂಬಾ ಖಾರ ಇತ್ತು," ಎಂದ. "ನಿಮ್ಮ ಪುಳಿಹೋರದಲ್ಲಿ ಉಪ್ಪಿರಲಿಲ್ಲ," ಎಂದೆ. ಇಬ್ಬರಿಗೂ ಎಷ್ಟೋ ಸಮಾಧಾನವಾಯಿತು.

ಆದರೆ ನನ್ನ ನಿಜವಾದ ಭಯ ಗಾಜುವಾಕದಲ್ಲಿ ಕಾಯುತ್ತಿತ್ತು. ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೊರಟ ನಾನ್ನ, ಕಾಫಿ ಹಿಡಿದು ನನ್ನ ಮುಂದೆ ಕೂತರು. ಕೆಲಸ ಸಿಗಲಿಲ್ಲ ಎಂಬುದನ್ನು ಅವ್ವ ಆಗಲೇ ಹೇಳಿದ್ದಳು.

"ಪರವಾಗಿಲ್ಲ ತಲ್ಲಿ. ಬಂದರಿನ ಮ್ಯಾಲ ಏನರ ಕೇಳಿದ್ರೇನು?"

"ಕೇಳಿದ್ರು ನಾನ್ನ."

"ಅದನ್ನರ ಬರೋಬ್ಬರಿ ಹೇಳಿದಿ, ಹೌದಿಲ್ಲೊ?"

ಕಣ್ಣು ಹೊಳೆಯುತ್ತಿತ್ತು ಅವರದು. ಅಷ್ಟಾದರೂ ಹೇಳಿಕೊಳ್ಳಲು ಸಿಕ್ಕರೆ ಸಾಕಿತ್ತು, ಕ್ಯಾಂಟೀನಿನಲ್ಲಿ ತಲೆಯೆತ್ತಿ ಕೂರಬಹುದಿತ್ತು. ನನ್ನ ಬಾಯಿ ಅಭ್ಯಾಸಬಲದಿಂದ "ಹೌ" ಎಂದು ತೆರೆದೂ ಆಗಿತ್ತು. ಆ ಮುಖಕ್ಕೆ ಸುಳ್ಳು ಹೇಳಲು ಮಾತ್ರ ಆಗಲಿಲ್ಲ.

"ಇಲ್ಲ, ನಾನ್ನ."

ಎಲ್ಲ ಹೇಳಿದೆ. ನಾನ್ನ ಕಾಫಿ ಲೋಟ ಕೆಳಗಿಟ್ಟರು.

"ಕೃಷ್ಣಾ?"

"ಕೃಷ್ಣಾ."

"ಹಂಗಾರ ಇಷ್ಟು ವರ್ಷ ನಾ ಯಾವ ಊರಾಗ ಕ್ರೇನ್ ಹೊಡದೆ?" ಎಂದು ಅವ್ವನನ್ನು ಕೇಳಿದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನ್ನ ಚಪ್ಪಲಿ ಮೆಟ್ಟುತ್ತ "ಆದಿತ್ಯವಾರ ತಯಾರಾಗು," ಎಂದರು.

ಆದಿತ್ಯವಾರ ಭೀಮುನಿಪಟ್ಟಣಕ್ಕೆ ಕರೆದೊಯ್ದು, ಮೂರು ಕಡೆ ಬೆಳೆದ ಮಗಳನ್ನು ಮರಳಿನ ಮೇಲೆ ನಿಲ್ಲಿಸಿ, ಅಂಗನವಾಡಿ ಕೂಸಿಗೆ ತೋರಿಸುವಂತೆ ಬೆರಳು ಚಾಚಿದರು.

"ಇದು ನದಿ, ಅಲ್ಲೇನು ತಲ್ಲಿ?"

"ಅಲ್ಲ!" ಎಂದು ಕಿರುಚಿದೆ. ದೋಣಿ ತಳ್ಳುತ್ತಿದ್ದವರು ಬೆಚ್ಚಿ ತಿರುಗಿ ನೋಡಿದರು.

"ಭೇಷ್," ಎಂದು ನಾನ್ನ ನನ್ನ ತಲೆ ಸವರಿದರು. "ಇನ್ನ ಈ ಸಮುದ್ರನ ಹೊತಗೊಂಡ್ ವಿಜಯವಾಡಕ್ಕ ಹೋಗಿ ಅಲ್ಲೆ ಒಮ್ಮೆ ಹಿಂಗ ಒದರಿ ಬಂದ್ರ ಆತು."