ಕಣ್ಣು ನೋಡಿ ಕೊಟ್ಟ ಬಂದೂಕು

ಈ ಕತೆಯನ್ನು ಮೊದಲು ಹೇಳಿದವಳು ದಕ್ಷಿಣ ಡಕೋಟದ ಪ್ಲಮ್ ಫೋರ್ಕ್ ಎಂಬ ಊರಿನ ಕಾಫಿ ಹೋಟೆಲಿನ ಡಾರ್ಲೀನ್ ಶಾಕ್. ಹೇಳಿದ್ದು 2013ರ ಅಕ್ಟೋಬರ್ ಕೊನೆಯ ಭಾನುವಾರ, ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ, ಪ್ರಾರ್ಥನೆ ಮುಗಿದು ಊಟದ ಪಾತ್ರೆಗಳು ಅರ್ಧ ಖಾಲಿಯಾದ ಮೇಲೆ. ತನ್ನ ಪಾಲಿನ ಮಾತುಗಳನ್ನು ಅವಳು ಕೊಂಚ ಅಂದವಾಗಿಯೇ ಜೋಡಿಸಿಕೊಂಡಿದ್ದಾಳೆಂದು ಅಲ್ಲಿಯೇ ಇದ್ದ ಗಿಬ್ ನೀಲ್ಸನ್ ಆಕ್ಷೇಪಿಸಿದ. ಉಳಿದಂತೆ ಇಬ್ಬರ ಹೇಳಿಕೆಗಳೂ ಹೊಂದುತ್ತವೆ. ಪಿಕಪ್ ವಾಹನದ ಬಣ್ಣ ಹಸಿರು ಎಂಬ ವಿಷಯದಲ್ಲಂತೂ ಊರಿನಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

ತೊಂದರೆಗೆ ಮೂಲ ಒಂದು ಚೀಟಿ. ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತನಾಗಿದ್ದ ಆರ್ವಿಡ್ ಹೌಗನ್ ಎಂಬ ಅರವತ್ತರ ಗೃಹಸ್ಥನಿಗೆ ಬಲಭುಜದ ಕೀಲು ಸವೆದು, ಇನ್ನು ರೈಫಲ್ಲಿನ ಒದೆತ ತಾಳಲಾರದು ಎಂದು ವೈದ್ಯರು ಹೇಳಿದ್ದರು. ಅವನು ತನ್ನ ತಂದೆಯ ಕಾಲದ ಜಿಂಕೆಬೇಟೆಯ ರೈಫಲ್ ಮಾರಾಟಕ್ಕಿದೆಯೆಂದು ದಿನಸಿ ಅಂಗಡಿಯ ಹಲಗೆಯ ಮೇಲೆ ಚೀಟಿ ಅಂಟಿಸಿದ. ಮರುದಿನ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಹಸಿರು ಪಿಕಪ್ಪಿನಲ್ಲಿ ಒಬ್ಬ ಅಪರಿಚಿತ ಬಂದ. ಗಡ್ಡದವನು, ಕುತ್ತಿಗೆಯ ಮೇಲೆ ಹಾವಿನ ಹಚ್ಚೆ. ರೈಫಲನ್ನು ತಿರುಗಿಸಿ ನೋಡಿದ, ಹಣ ಕೊಟ್ಟ. ಕುದುರೆ ಕೊಳ್ಳುವವನು ಹಲ್ಲು ನೋಡುವಷ್ಟು ಹೊತ್ತು ಆರ್ವಿಡ್ ಅವನ ಕಣ್ಣುಗಳನ್ನು ನೋಡಿದ, ಕೈಕುಲುಕಿ ಬಂದೂಕು ಒಪ್ಪಿಸಿದ. ಆ ಸೀಮೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಬಂದೂಕು ಮಾರುವಾಗ ಕಾನೂನು ಅದಕ್ಕಿಂತ ಹೆಚ್ಚಿನದನ್ನು ಕೇಳುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವವನಿಗೆ ಮಾತ್ರ ಅರ್ಜಿ, ಸರ್ಕಾರಕ್ಕೆ ಫೋನು, ಹಳೆಯ ಅಪರಾಧಗಳ ಪೂರ್ವಾಪರ ವಿಚಾರಣೆ. ಆರ್ವಿಡ್ ತನ್ನ ಜೀವಮಾನದಲ್ಲಿ ಅಂಗಡಿಯಿಂದ ಒಂದೇ ಒಂದು ಬಂದೂಕನ್ನೂ ಕೊಂಡವನಲ್ಲ.

ಹಗುರಾದ ಮನಸ್ಸಿನಿಂದ ಅವನು ಡಾರ್ಲೀನಳ ಹೋಟೆಲಿಗೆ ಬಂದಾಗ ಫೆಸೆಂಟ್ ಹಕ್ಕಿಯ ಬೇಟೆಗೆಂದು ಪರಊರಿಂದ ಬಂದ ಇಬ್ಬರು ಅಲ್ಲಿ ತಿಂಡಿ ತಿನ್ನುತ್ತಿದ್ದರು. ಬೇಟೆ ಶನಿವಾರ ಆರಂಭ. ಪ್ರತಿವರ್ಷವೂ ಊರಿನ ಬೇಟೆಗಾರರ ಸಾಲನ್ನು ಮುನ್ನಡೆಸುವವನು ಆರ್ವಿಡ್; ಹಕ್ಕಿಬೇಟೆಯ ಹಗುರ ಬಂದೂಕಿನ ಒದೆತವನ್ನು ಅವನ ಭುಜ ಇನ್ನೂ ತಾಳುತ್ತಿತ್ತು.

"ಏ ಆರ್ವಿಡ್, ಆ ಕರುವಿನ ಕತೆ ಹೇಳೋ ಇವರಿಗೆ," ಎಂದ ಗಿಬ್. ರಸ್ತೆ ಸಮ ಮಾಡುವ ಯಂತ್ರವನ್ನು ಮೂವತ್ತು ವರ್ಷ ಓಡಿಸಿದ ಗಿಬ್‌ಗೆ ಮಾತಿನಲ್ಲಿಯೂ ಅದೇ ವೇಗ, ಅದೇ ಸದ್ದು.

ಆರ್ವಿಡ್ ಹೇಳಿದ. ಅವನು ಹೇಳದ ವರ್ಷವೇ ಇಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ, ಗಡಿಯಾಚೆಯ ನೆಬ್ರಾಸ್ಕ ರಾಜ್ಯದಲ್ಲಿ, ಪಂದ್ಯ ಕಟ್ಟಿ, ಬ್ಯಾಂಕಿನ ಯಜಮಾನನೊಬ್ಬನ ಬಹುಮಾನ ಗೆದ್ದ ಕರುವನ್ನು ಕದ್ದು, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟದ್ದು. ಕರು ಕಿಟಕಿಯಿಂದ ತಲೆ ಹೊರಹಾಕಿ ಚುನಾವಣೆಗೆ ನಿಂತವರಂತೆ ಎರಡೂ ಕಡೆ ನೋಡುತ್ತ ಬಂದದ್ದು. ಕಾರು ತಡೆದ ಪೊಲೀಸನ ಟೋಪಿಯನ್ನು ನೆಕ್ಕಿದ್ದು. 'ಕರು ನಿನ್ನ ಕಾರಿಗೆ ಹೇಗೆ ಬಂತು?' ಎಂದು ನ್ಯಾಯಾಧೀಶರು ಕೇಳಿದಾಗ 'ದಾರೀಲಿ ಕೈ ಅಡ್ಡ ಹಿಡೀತು ಸ್ವಾಮೀ' ಅಂದದ್ದು. ಎರಡು ತಿಂಗಳು ಜೈಲಿನಲ್ಲಿ ಕೂತು ಆಲೂಗಡ್ಡೆ ಸುಲಿದದ್ದು. ಪರಊರಿನವರು ಕಾಫಿ ಮೂಗಿಗೇರುವಂತೆ ನಕ್ಕರು. ನಲವತ್ತು ವರ್ಷದಿಂದ ಕೇಳುತ್ತ ಬಂದವರೂ ನಕ್ಕರು.

ಆ ನಗೆಯ ನಡುವೆ ಅಡುಗೆಮನೆಯ ಕಪಾಟಿನ ಮೇಲಿದ್ದ, ಪೊಲೀಸರ ಮಾತುಕತೆ ಕೇಳಿಸುವ ರೇಡಿಯೊ ಕರಕರ ಎಂದಿತು. ಡಾರ್ಲೀನ್ ಅದನ್ನು ಬೆಳಗಿನಿಂದ ಸಂಜೆಯವರೆಗೆ ಹಚ್ಚಿಡುತ್ತಾಳೆ. ಪ್ರಾರ್ಥನೆಯನ್ನಾದರೂ ತಪ್ಪಿಸಿಯಾಳು, ಅದನ್ನು ತಪ್ಪಿಸಳು. ಅವಳು ಸೌಟು ಹಿಡಿದೇ ಹೊರಗೆ ಬಂದಳು.

"ಕೇಳಿದ್ರಾ? ಕೆರ್ನ್ ಊರಲ್ಲಿ ಒಬ್ಬ ಬಿಟ್ಟ ಹೆಂಡತೀನ ಕೊಲ್ತೀನಿ ಅಂತ ಹೊರಟಿದಾನಂತೆ. ಬಂದೂಕು ಇಟ್ಕೋಬಾರ್ದು ಅಂತ ಕೋರ್ಟಿನ ಆಜ್ಞೆ ಇದೆ ಅವನ ಮೇಲೆ. ಎಲ್ಲಾದ್ರೂ ಸಿಗುತ್ತಾ ಅಂತ ಹುಡುಕ್ತಾ ತಿರುಗ್ತಿದಾನಂತೆ. ಹಸಿರು ಪಿಕಪ್ಪು."

ಆರ್ವಿಡ್‌ನ ತುಟಿಯವರೆಗೆ ಬಂದಿದ್ದ ಕಾಫಿ ಹಾಗೆಯೇ ತಟ್ಟೆಗೆ ಮರಳಿತು.

"ಏನಾಯ್ತೋ ನಿನಗೆ?" ಎಂದ ಗಿಬ್.

"ಈಗ ತಾನೇ... ಅಪ್ಪನ ರೈಫಲ್ಲು... ಹಸಿರು ಪಿಕಪ್ಪಿನವನಿಗೆ ಕೊಟ್ಟೆ."

"ಹೆಸರೇನು ಅವನದು?" ಡಾರ್ಲೀನ್ ಸೌಟನ್ನು ಅವನತ್ತ ಚಾಚಿದಳು.

"ಕೇಳಲಿಲ್ಲ."

"ಯಾವ ಊರು?"

"ಕೇಳಲಿಲ್ಲ."

"ಮತ್ತೇನ್ ಕೇಳಿದೆ ಮಾರಾಯಾ?"

"ಕಾಫಿ ಕುಡೀತೀಯಾ ಅಂತ ಕೇಳಿದೆ. ಬೇಡ ಅಂದ. ಕಣ್ಣು ನೋಡಿದೆ ಕಣೇ."

"ಕಣ್ಣಲ್ಲೇನು ಕಾಣ್ತು?"

ಆರ್ವಿಡ್ ಪ್ರಾಮಾಣಿಕವಾಗಿ ಯೋಚಿಸಿದ. "ನೀಲಿ."

"ಇದಕ್ಕೇ ನಾನು ಬಡ್ಕೊಳ್ಳೋದು!" ಡಾರ್ಲೀನ್ ಸೌಟನ್ನು ಮೇಜಿಗೆ ಕುಟ್ಟಿದಳು. "ಅಂಗಡಿಯವರು ವಿಚಾರಿಸ್ತಾರಲ್ಲ, ಹಾಗೆ ಮನೆಯಿಂದ ಮಾರೋವಾಗ್ಲೂ ವಿಚಾರಿಸ್ಬೇಕು. ಇನೆಜ್ ಟೀಚರ್ ಬಂದೂಕಿನ ಅಂಗಡೀಗೆ ಹೋಗಿ ಒಂದು ಫೋನು ಹಚ್ಸಿದ್ರೆ ಏನು ಗಂಟು ಹೋಗ್ತಿತ್ತು?"

"ಶುರುವಾಯ್ತು," ಎಂದ ಗಿಬ್. "ನಾಳೆ ಸೌದೆ ಒಡೆಯೋ ಕೊಡಲಿ ಸಾಲ ಕೊಡೋಕೂ ಸರ್ಕಾರಕ್ಕೆ ಫೋನ್ ಮಾಡು ಅಂತೀಯ. ಕಳ್ಳ ಏನು ಅರ್ಜಿ ತುಂಬಿ ಕಳ್ಳತನಕ್ಕೆ ಹೋಗ್ತಾನಾ? ಇಲ್ಲಿ ಯಾರು ಎಂಥೋರು ಅಂತ ಎಲ್ಲರಿಗೂ ಗೊತ್ತು. ಕಂಪ್ಯೂಟರ್‌ಗೇನು ಗೊತ್ತು ಮಣ್ಣು?"

"ಹಾವಿನ ಹಚ್ಚೆಯವನು ನಿನಗೆ ಗೊತ್ತಾ?"

ಅಷ್ಟರಲ್ಲಿ ಆರ್ವಿಡ್ ಎದ್ದಿದ್ದ. ಮುಖ ಬೇಯಿಸಿದ ಹಿಟ್ಟಿನಂತಾಗಿತ್ತು. "ಆ ಹೆಂಗಸಿಗೆ ಏನಾದ್ರೂ ಆದ್ರೆ, ಆ ಗುಂಡು ನನ್ನ ಕೈಯಿಂದ ಹೋದ ಹಾಗೆ. ಅಪ್ಪನ ಬಂದೂಕು ಅದು. ನಾನು ವಾಪಸ್ ತರಬೇಕು."

ಡಾರ್ಲೀನ್ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಾದ ಷರೀಫರ ಕಚೇರಿಗೆ ಫೋನು ಹಚ್ಚಿದಳು. ಇರುವ ಇಬ್ಬರು ಪೊಲೀಸರೂ ಕೆರ್ನ್ ಕಡೆ ಹೋಗಿದ್ದಾರೆ, ಬರಲು ಒಂದು ಗಂಟೆಯಾದರೂ ಬೇಕು ಎಂಬ ಉತ್ತರ ಬಂತು. ಆ ಗಂಟೆಯಲ್ಲಿ ಏನು ಬೇಕಾದರೂ ಆಗಬಹುದಿತ್ತು. ಬಂದೂಕನ್ನು ಗುರಿಯಿಟ್ಟು ನೋಡಲು ಸ್ಥಳವೆಲ್ಲಿದೆ ಎಂದು ಆ ಮನುಷ್ಯ ಕೇಳಿದ್ದು ಆರ್ವಿಡ್‌ಗೆ ಆಗ ನೆನಪಾಯಿತು. ಊರಾಚೆಯ ಹಳೆಯ ಜಲ್ಲಿಗುಂಡಿಯ ದಾರಿಯನ್ನು ತಾನೇ ಕೈತೋರಿಸಿ ಕಳಿಸಿದ್ದ. ಮೂವರೂ ಗಿಬ್‌ನ ಕಾರಿಗೆ ಹತ್ತಿದರು. ಡಾರ್ಲೀನ್ ಸೌಟನ್ನು ಬಿಟ್ಟಿರಲಿಲ್ಲ.

ಗುಂಡಿಗೆ ನೂರು ಗಜ ಇರುವಾಗ ಢಮ್ ಎಂದು ಸದ್ದಾಯಿತು. ಗಿಬ್ ಕಾರು ನಿಲ್ಲಿಸಿದ. ಇನ್ನೊಂದು ಗುಂಡು. ಜೋಳದ ಒಣಗರಿಗಳ ಮೇಲಿಂದ ಹಕ್ಕಿಗಳೆದ್ದವು.

"ಗುರಿ ಕಲೀತಿದಾನೆ," ಎಂದು ಪಿಸುಗುಟ್ಟಿದಳು ಡಾರ್ಲೀನ್.

"ನಾನೊಬ್ಬನೇ ಹೋಗ್ತೀನಿ," ಎಂದ ಆರ್ವಿಡ್. ಅವರಿಬ್ಬರೂ ಅಷ್ಟು ಬೇಗ ಒಪ್ಪಿದ್ದು ಅವನಿಗೆ ಹಿಡಿಸಲಿಲ್ಲ.

ಎರಡೂ ಕೈಗಳನ್ನು ಮೇಲೆತ್ತಿಕೊಂಡು ಅವನು ಜಲ್ಲಿಯ ಮೇಲೆ ನಡೆದ. ಸವೆದ ಭುಜ ಮೇಲೇಳಲೊಲ್ಲದೆ ಬಲಗೈ ಅರ್ಧಕ್ಕೇ ನಿಂತಿತ್ತು. ದೂರದಿಂದ ನೋಡಿದರೆ ಬಸ್ಸಿಗೆ ಕೈ ತೋರಿಸುವವನಂತೆ ಕಾಣುತ್ತಿದ್ದ. ಗಡ್ಡದವನು ಒಂದು ಕಾಫಿ ಡಬ್ಬಿಗೆ ಗುರಿಯಿಟ್ಟು ನಿಂತಿದ್ದವನು ತಿರುಗಿದ. ಬಂದೂಕೂ ಅವನೊಂದಿಗೆ ತಿರುಗಿತು.

"ಏನಾಯ್ತು ಯಜಮಾನ್ರೇ?"

"ತಮ್ಮಾ... ಆ ಬಂದೂಕಿಗೆ... ಎಣ್ಣೆ ಹಾಕೋದು ಮರ್ತಿದ್ದೆ."

"ಅಷ್ಟಕ್ಕೆ ಕೈ ಯಾಕೆ ಎತ್ತಿದ್ದೀರಿ?"

ಉತ್ತರ ಕಾರಿನ ಹಿಂದಿನಿಂದ, ಡಾರ್ಲೀನಳ ದನಿಯಲ್ಲಿ ಬಂತು. "ಆ ಹೆಣ್ಣುಮಗಳನ್ನ ಬಿಟ್ಬಿಡೋ! ನಿನ್ನ ಹೆಂಡತಿ ಕಣೋ ಅವಳು!"

ಗಡ್ಡದವನು ಬಂದೂಕನ್ನು ನೆಲಕ್ಕಿಳಿಸಿದ. "ನನಗೆ ಮದುವೇನೇ ಆಗಿಲ್ಲಮ್ಮಾ," ಎಂದ. ಅವನ ಹೆಸರು ಲೈಲ್ ಕುಚೆರಾ. ಎರಡು ಜಿಲ್ಲೆಗಳಾಚೆ ಜೇನು ಸಾಕುವವನು. ವಿಷಯ ಕೇಳಿ ಅವನು ಕೆಂಪಾದ, ಮತ್ತೆ ತಣ್ಣಗಾದ. "ಸರಿ. ಯಾರ ಹತ್ರ ವಿಚಾರಿಸ್ಬೇಕೋ ವಿಚಾರಿಸಿ. ನನಗೇನು ಭಯ?"

ನಾಲ್ವರೂ ಇನೆಜ್ ಟೀಚರ್ ಅಂಗಡಿಗೆ ಬಂದರು. ಇನೆಜ್ ಕ್ರೆಬ್ಸ್ ಮೊಳೆ, ಬಣ್ಣ, ಮೀನಿನ ಗಾಳಕ್ಕೆ ಸಿಕ್ಕಿಸುವ ಹುಳು, ಬಂದೂಕುಗಳನ್ನು ಮಾರುವ ಅಂಗಡಿಯಾಕೆ. ಊರಿನ ಅರ್ಧ ಜನಕ್ಕೆ ಚರ್ಚಿನಲ್ಲಿ ಭಾನುವಾರದ ಪಾಠ ಹೇಳಿದ್ದರಿಂದ ಎಪ್ಪತ್ತೈದರಲ್ಲೂ ಎಲ್ಲರಿಗೂ ಟೀಚರ್. ಆಕೆ ರೈಫಲನ್ನು ಗಲ್ಲಾದ ಮೇಲಿಟ್ಟುಕೊಂಡು, ಲೈಲ್‌ನಿಂದ ಅರ್ಜಿ ತುಂಬಿಸಿ, ಫೋನು ಹಚ್ಚಿದಳು. ಆ ಕಡೆಯವರು ಕಾಯಿರಿ ಎಂದರು.

ಕಾದರು. ಹತ್ತು ನಿಮಿಷದಲ್ಲಿ ಅಂಗಡಿ ತುಂಬಿತು. ಎಲ್ಲರಿಗೂ ಒಮ್ಮೆಲೇ ಮೊಳೆ ಬೇಕಾಗಿತ್ತು. ಯಾರೂ ಲೈಲ್‌ನ ಮುಖ ನೋಡಲಿಲ್ಲ. ಎಲ್ಲರೂ ಅವನ ಕುತ್ತಿಗೆಯ ಹಾವನ್ನೇ ನೋಡಿದರು. ಹುಳುಗಳನ್ನಿಟ್ಟ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಲೈಲ್‌ನ ಹಣೆಯಲ್ಲಿ ಬೆವರೊಡೆಯಿತು, ಅದನ್ನು ನೋಡಿ ಆರ್ವಿಡ್‌ನ ಬೆನ್ನಿನಲ್ಲಿ ಬೆವರೊಡೆಯಿತು.

"ಇಷ್ಟು ಹೊತ್ತಾಗ್ತಿದೆ ಅಂದ್ರೆ ಏನೋ ಇದೆ," ಎಂದಳು ಡಾರ್ಲೀನ್, ಪಿಸುಮಾತೆಂದುಕೊಂಡು.

ಆಗ ಬೀದಿಯಲ್ಲಿ ಷರೀಫರ ಕಾರು ನಿಂತಿತು. "ಆರ್ವಿಡ್, ಬಾರೋ ಇಲ್ಲಿ!" ಎಂದು ಬಾಗಿಲಿನಿಂದ ಗಿಬ್ ಕೂಗಿದ. ಆರ್ವಿಡ್ ಹೊಸ್ತಿಲು ದಾಟಿ ಓಡಿದ. ಷರೀಫರ ಸಹಾಯಕ ಕಾರಿನ ಗಾಜಿಳಿಸಿ ಹೇಳಿದ: ಕೆರ್ನ್ ಊರಿನವನು ಸಿಕ್ಕಿದ್ದಾನೆ, ಎಲ್ಲೂ ಬಂದೂಕು ಹುಟ್ಟದೆ ಅಕ್ಕನ ಮನೆಯಲ್ಲಿ ಕುಡಿದು ಮಲಗಿದ್ದ, ಹೆಂಗಸು ಕ್ಷೇಮ.

ಆರ್ವಿಡ್ ಕಾರಿನ ಬಾನೆಟ್ಟಿಗೆ ಒರಗಿ ಎರಡು ನಿಮಿಷ ಉಸಿರಾಡಿದ. ಅವನು ಒಳಗೆ ಬರುವುದಕ್ಕೂ ಇನೆಜ್ ಫೋನಿಡುವುದಕ್ಕೂ ಸರಿಹೋಯಿತು.

"ಕುಚೆರಾ ಪಾಸು," ಎಂದಳು ಆಕೆ. "ಒಂದು ಕಲೆಯೂ ಇಲ್ಲ."

ಊರೆಲ್ಲ ನಕ್ಕು ಲೈಲ್‌ನ ಬೆನ್ನು ತಟ್ಟಲು ಮುಂದಾಯಿತು. ಅವನು ಹಿಂದೆ ಸರಿದ. "ಪರೀಕ್ಷೆ ಪಾಸಾದೆ. ಆದ್ರೆ ಈ ಶಾಲೆ ನನಗೆ ಬೇಡ. ನಲವತ್ತು ಜನರ ಮುಂದೆ ಕೊಲೆಗಾರ ಅನ್ನಿಸ್ಕೊಂಡು ತಗೊಂಡ ಬಂದೂಕಿಂದ ಜಿಂಕೆ ಹೊಡೀಲಾ? ನನ್ನ ಹಣ ಕೊಡಿ ಯಜಮಾನ್ರೇ." ಆರ್ವಿಡ್ ಕೊಟ್ಟ. ಹಸಿರು ಪಿಕಪ್ಪು ಧೂಳೆಬ್ಬಿಸಿ ಹೋಯಿತು.

"ಹೋಗ್ಲಿ ಬಿಡು, ಯಾರಿಗೂ ಏನೂ ಆಗಲಿಲ್ಲವಲ್ಲ," ಎಂದು ಆರ್ವಿಡ್ ಗಲ್ಲಾದ ಮೇಲಿನ ರೈಫಲ್‌ಗೆ ಕೈಚಾಚಿದ. ಇನೆಜ್ ಅದರ ಮೇಲೆ ತನ್ನ ಅಂಗೈ ಇಟ್ಟಳು.

"ನೀನು ಹೊಸ್ತಿಲು ದಾಟಿದೆ ಆರ್ವಿಡ್."

"ಹ್ಞಾಂ?"

"ಬಂದೂಕು ನನ್ನ ವಶಕ್ಕೆ ಬಿಟ್ಟು ಹೊರಗೆ ಹೋದೆ. ನನ್ನ ಪುಸ್ತಕದಲ್ಲಿ ಬರ್ದಾಯ್ತು. ಈಗ ಇದನ್ನ ಯಾರಿಗೆ ಕೊಟ್ರೂ, ನಿನಗೇ ಕೊಟ್ರೂ, ಅರ್ಜಿ ತುಂಬ್ಸಿ ಫೋನು ಮಾಡೇ ಕೊಡ್ಬೇಕು."

"ಅವನ ಅಪ್ಪನ ಬಂದೂಕು ಟೀಚರ್!" ಗಿಬ್ ಗುಡುಗಿದ. "ಇದೇ, ಇದನ್ನೇ ನಾನು ಹೇಳೋದು!"

"ಇರ್ಲಿ ಬಿಡೋ ಗಿಬ್," ಎಂದ ಆರ್ವಿಡ್, ಉದಾರವಾಗಿ. "ಟೀಚರ್‌ಗೆ ನಾನು ಹುಟ್ಟಿದಾಗಿಂದ ಗೊತ್ತು. ಓದಿ ಟೀಚರ್, ಬರೀತೀನಿ."

ಇನೆಜ್ ಕನ್ನಡಕ ಏರಿಸಿ ಪಾಠ ಒಪ್ಪಿಸಿಕೊಳ್ಳುವ ದನಿಯಲ್ಲಿ ಓದಿದಳು. ಹೆಸರು, ವಿಳಾಸ, ಎತ್ತರ. ಆರ್ವಿಡ್ ಬರೆದ. ದೇಶ ಬಿಟ್ಟು ಓಡಿಹೋದವನೇ? ಅಲ್ಲ. ಜನ ನಕ್ಕರು. "ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ನೀವು ಎಂದಾದರೂ ತಪ್ಪಿತಸ್ಥರೆಂದು ತೀರ್ಪಾಗಿದೆಯೇ?"

ಲೇಖನಿ ಕಾಗದದ ಮೇಲೆ ಒಂದು ಬೆರಳಗಲ ಎತ್ತರದಲ್ಲಿ ನಿಂತಿತು.

ಅಂಗಡಿಯಲ್ಲಿದ್ದ ಅಷ್ಟೂ ಜನ ಅವನ ಬಾಯಿಂದಲೇ ಆ ಕತೆ ಕೇಳಿದವರು. ಫ್ರಿಜ್ಜು ಕೂಡ ಆ ಕ್ಷಣಕ್ಕೇ ಸುಮ್ಮನಾಯಿತೆಂದು ಡಾರ್ಲೀನ್ ಹೇಳುತ್ತಾಳೆ.

"ಕರು..." ಎಂದಿತು ಯಾರದೋ ಬಾಯಿ.

"ಅದು ತಮಾಷೆ ಕಣ್ರೋ!" ಎಂದ ಆರ್ವಿಡ್. "ಪಂದ್ಯಕ್ಕೆ ಮಾಡಿದ್ದು!"

"ನ್ಯಾಯಾಧೀಶರು ನಕ್ಕರಾ?" ಎಂದಳು ಇನೆಜ್.

"ನಕ್ಕರು ಟೀಚರ್, ದೇವರಾಣೆ."

"ಶಿಕ್ಷೆ ಹೇಳೋ ಮುಂಚೇನೋ, ಹೇಳಿದ ಮೇಲೋ?"

ಆರ್ವಿಡ್ ನೆಲ ನೋಡಿದ. "ಹೇಳಿದ ಮೇಲೆ... ಆದ್ರೆ ಬರೀ ಎರಡು ತಿಂಗಳು ಟೀಚರ್!"

"'ನ್ಯಾಯಾಧೀಶರು ಅದಕ್ಕಿಂತ ಕಡಿಮೆ ಶಿಕ್ಷೆ ಕೊಟ್ಟಿದ್ದರೂ ಸಹ,'" ಎಂದು ಇನೆಜ್ ಉಳಿದ ಅರ್ಧ ಸಾಲನ್ನು ಓದಿದಳು. "ದನಗಳ ಸೀಮೇಲಿ ದನ ಕದಿಯೋದು ಸಣ್ಣ ತಪ್ಪಲ್ಲ ಮಗೂ. ನೆಬ್ರಾಸ್ಕದೋರು ಕ್ಷಮಾಪತ್ರ ಕೊಟ್ಟು, ಬಂದೂಕು ಇಟ್ಕೋಬಹುದು ಅಂತ ಬರ್ದುಕೊಡೋವರೆಗೆ ನೀನು ಒಂದನ್ನೂ ಮುಟ್ಟೋ ಹಾಗಿಲ್ಲ. ಇದು ನನ್ನ ಬೀರುವಿನಲ್ಲಿರುತ್ತೆ. ಅಂದ ಹಾಗೆ, ಮನೇಲಿ ಬೇರೆ ಎಷ್ಟಿವೆ?"

"ಆರು."

"ಎಲ್ಲಿಂದ ಬಂದ್ವು?"

ಆರ್ವಿಡ್ ಟೀಚರ್ ಮುಂದೆ ಎಂದೂ ಸುಳ್ಳಾಡಿದವನಲ್ಲ. ಅವನು ಜನರತ್ತ ತಿರುಗಿ ಬೆರಳೆತ್ತಿದ. "ಎರಡು, ಗಿಬ್..."

ಗಿಬ್‌ಗೆ ಕೀಲಿಯನ್ನು ಕಾರಿನಲ್ಲೇ ಬಿಟ್ಟದ್ದು ನೆನಪಾಯಿತು; ಬಾಗಿಲತ್ತ ಓಡಿದ.

"ಒಂದು, ಹೋದ ವರ್ಷ ಹೋಟೆಲ್ ಹಿತ್ತಲಲ್ಲಿ, ಡಾರ್..."

"ಅಯ್ಯೋ, ನನ್ನ ಒಲೆ ಮೇಲೆ ಸಾರು!" ಎಂದಳು ಡಾರ್ಲೀನ್.

ತಪ್ಪಿತಸ್ಥನೆಂದು ತಿಳಿದೂ ಮಾರಿದವನಿಗೂ ಶಿಕ್ಷೆಯುಂಟೆಂಬ ಸಾಲು ಅರ್ಜಿಯ ಬೆನ್ನ ಮೇಲೆ ಇತ್ತೋ ಇಲ್ಲವೋ. ಯಾರೂ ಓದಿ ನೋಡಲು ನಿಲ್ಲಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗಡಿ ಖಾಲಿಯಾಯಿತು. ಆ ದಿನ ಒಂದು ಮೊಳೆಯೂ ಮಾರಾಟವಾಗಲಿಲ್ಲವೆಂದು ಇನೆಜ್ ಪ್ರತ್ಯೇಕವಾಗಿ ತಿಳಿಸಿದ್ದಾಳೆ.

ಶನಿವಾರ ಬೇಟೆ ಆರಂಭವಾಯಿತು. ಹಕ್ಕಿಗಳನ್ನೆಬ್ಬಿಸಲು ಜೋಳದ ಹೊಲದೊಳಗೆ ನಾಯಿಗಳು ನುಗ್ಗಿದವು. ನಾಯಿಗಳ ಜೊತೆಗೆ, ಬರಿಗೈಯಲ್ಲಿ ಚಪ್ಪಾಳೆ ತಟ್ಟುತ್ತ, ಆರ್ವಿಡ್ ಹೌಗನ್ ನಡೆದ.

ಡಾರ್ಲೀನ್ ಇಲ್ಲಿಗೆ ಕತೆ ನಿಲ್ಲಿಸಿದಳು. "ಈಗ್ಲಾದ್ರೂ ಒಪ್ಕೋತೀಯೇನೋ ಗಿಬ್, ವಿಚಾರಣೆ ಬೇಕು ಅಂತ?" ಎಂದಳು.

"ನೀನು ಮಾರೋವಾಗ ವಿಚಾರಿಸಿದ್ಯಾ?" ಎಂದ ಗಿಬ್.

"ನಾನು ಮಾರಿದೆ ಅಂತ ಯಾರೋ ಹೇಳಿದ್ದು?" ಎಂದು ಡಾರ್ಲೀನ್ ಕಾಫಿ ಪಾತ್ರೆಯ ಮುಚ್ಚಳ ಬಿಗಿದಳು.

ಆ ವಾರ ಚರ್ಚಿಗೆ ಹೊಸದಾಗಿ ಬಂದಿದ್ದ ಪಾದ್ರಿಯ ಹೆಂಡತಿಗೆ ಮಾತ್ರ ಕುತೂಹಲ ತಣಿದಿರಲಿಲ್ಲ. ಮೂಲೆಯಲ್ಲಿ ಮಡಚುವ ಕುರ್ಚಿಗಳನ್ನು ಎಡಗೈಯಿಂದ ಒಂದೊಂದಾಗಿ ಜೋಡಿಸುತ್ತಿದ್ದವನ ಬಳಿಗೆ ಹೋಗಿ ಆಕೆ ಕೇಳಿದಳು: "ಹೌಗನ್ ಅವರೇ, ಆ ಕರುವಿನ ಕತೆ ನಿಮ್ಮ ಬಾಯಲ್ಲೇ ಕೇಳ್ಬೇಕಂತೆ. ಒಂದ್ಸಲ ಹೇಳ್ತೀರಾ?"

ಆರ್ವಿಡ್ ಕುರ್ಚಿಯನ್ನು ಗೋಡೆಗೊರಗಿಸಿ, ತನ್ನ ನೀಲಿ ಕಣ್ಣುಗಳಿಂದ ಆಕೆಯನ್ನು ನೇರವಾಗಿ ನೋಡಿದ.

"ಯಾವ ಕರು?" ಎಂದ.

ಎಲ್ಲರೂ ತಮ್ಮ ತಮ್ಮ ಖಾಲಿ ಪಾತ್ರೆಗಳನ್ನೆತ್ತಿಕೊಂಡು, ಕೋಟು ತೊಟ್ಟು, ಮೆಟ್ಟಿಲು ಹತ್ತಿ ಮನೆಗೆ ಹೋದರು.