ಪೇಪರ್ ಏಜೆಂಟರಿಗೆ ತೋರಿಸಿದ ಸೈಕಲ್ ಆಟ

ಬಸ್ಸು ಕೆಡಬಹುದಿತ್ತು. ಬರುವವರು ಹಿರೇಕೆರೂರಿನ ಬದಲು ಹಾನಗಲ್ಲಿಗೆ ಹೋಗಿ ಇಳಿಯಬಹುದಿತ್ತು. ಎದುರುಮನೆಯ ನಾಯಿ ವರನ ಪ್ಯಾಂಟು ಹಿಡಿಯಬಹುದಿತ್ತು. ಉಪ್ಪಿಟ್ಟು ತಳ ಹತ್ತಬಹುದಿತ್ತು, ಕರೆಂಟು ಹೋಗಬಹುದಿತ್ತು, ನಮ್ಮ ಸೋಫಾದ ಬಿರುಕು ಬಿಟ್ಟ ಕಾಲು ವರನ ತಂದೆಗಾಗಿಯೇ ಕಾದಿದ್ದು ಅಂದೇ ಮುರಿಯಬಹುದಿತ್ತು. ಇವೆಲ್ಲವನ್ನೂ ನಾನು ವಾರಗಟ್ಟಲೆ ಚಿಂತಿಸಿ, ಒಂದೊಂದಕ್ಕೂ ಬಂದೋಬಸ್ತು ಮಾಡಿದ್ದೆ.

ನನ್ನ ಅಕ್ಕನ ಮಗಳು ವಿಜಿ. ಅಕ್ಕ ಇರುವುದು ಚಿಕ್ಕೇರೂರಿನಲ್ಲಿ. ಬಂದುಹೋಗುವವರಿಗೆ ಅನುಕೂಲವೆಂದು ಕನ್ಯಾ ನೋಡುವುದನ್ನು ಹಿರೇಕೆರೂರಿನ ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೆವು. ಹಿಂದೆ ನೋಡಿಹೋಗಿ "ತಿಳಸ್ತೇವ್ರಿ" ಎಂದವರು ಇನ್ನೂ ತಿಳಿಸುತ್ತಲೇ ಇದ್ದಾರೆ. "ಈ ಸಲ ಎಲ್ಲಾ ನಿನ್ನ ಮ್ಯಾಲ ಬಿಟ್ಟೇನಿ, ತಮ್ಮಾ" ಎಂದಿದ್ದಳು ಅಕ್ಕ. ಸೋದರಮಾವನ ಹುದ್ದೆಯೆಂದರೆ ಸಾಮಾನ್ಯವೇ?

ಉಳಿದ ಚಿಂತೆ ಒಂದೇ, ಮಾತಿನದು. ವರನ ತಂದೆ ಶಿಗ್ಗಾವಿಯ ಪೇಪರ್ ಏಜೆಂಟರು. ಮೊದಲು ತಾವೇ ಸೈಕಲ್ ತುಳಿದು ಮನೆಮನೆಗೆ ಪೇಪರ್ ಹಾಕಿದವರು. ಊರಿಗಿಂತ ಮೊದಲೇ ಸುದ್ದಿ ಓದಿಬಿಡುವ ಮನುಷ್ಯರ ಮುಂದೆ ನಾನು ಯಾವ ಸುದ್ದಿ ತೆಗೆಯಲಿ? ಆಗ ಹೊಳೆಯಿತು. ಸವಣೂರಿನಲ್ಲಿ ಟಿವಿ ರಿಪೇರಿ ಮಾಡುವ ಗೆಳೆಯ ದಸ್ತಗೀರನ ಅಂಗಡಿಯಲ್ಲಿ, ಟಿವಿಗೆ ಜೋಡಿಸಿ ಆಡುವ ಹಳೇ ವಿಡಿಯೋ ಗೇಮ್ ಇದೆ. ಅದರಲ್ಲೊಂದು ಆಟ: ಸೈಕಲ್ ಮೇಲೆ ಹೋಗುತ್ತ ಮನೆಮನೆಗೆ ಪೇಪರ್ ಎಸೆಯಬೇಕು. ಬೀಗರ ವೃತ್ತಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಉಂಟೇ? ಸವಣೂರಿಗೆ ಹೋಗಿ ತಂದೇಬಿಟ್ಟೆ.

"ಕನ್ಯಾ ತೋರಸೋ ದಿನ ಇದ್ಯಾಕ ಬೇಕ್ರಿ ನಿಮಗ?" ಎಂದಳು ಹೆಂಡತಿ ಶಾಂತಾ.

"ಮಾತು ನಿಂತ್ರ ಇರ್ಲಿ ಅಂತ."

"ನಿಮ್ಮ ಮಾತು ಯಾವಾಗ ನಿಂತೈತಿ?"

ಮೂವರು ಬಂದರು: ಏಜೆಂಟರು, ಅವರ ತಮ್ಮ, ವರ. ಹೆಂಗಸರು ಎರಡನೇ ಸಲ ಬರುವುದೆಂದು ಮಾತಾಗಿತ್ತು. ಮಳೆ, ಗೋವಿನಜೋಳ, ಬಸ್ಸಿನ ಗದ್ದಲ ಮುಗಿದವು. ಮೌನ ಬಿತ್ತು. ನಾನು ಆಟದ ಕ್ಯಾಸೆಟ್ಟಿಗೆ ಭಕ್ತಿಯಿಂದ ಊದಿ, ಹಾಕಿದೆ. ಟಿವಿಯಲ್ಲಿ ಸೈಕಲ್ ಹೊರಟಿತು.

ಏಜೆಂಟರು ಮುಂದಕ್ಕೆ ಬಾಗಿದರು. "ಹಿಂದ ಕ್ಯಾರಿಯರ್ ಇಲ್ಲ, ಮುಂದ ಬುಟ್ಟಿ ಇಲ್ಲ. ಇಂವ ಎಂಥಾ ಪೇಪರ್ ಹಾಕಾಂವ್ರಿ?"

ನಾನೆಸೆದ ಪೇಪರ್ ಒಂದು ಮನೆಯ ಕಿಟಕಿಯನ್ನೇ ಒಡೆಯಿತು. ಅಂಕ ಏರಿತು. ಪೇಪರ್ ತರಿಸದವರ ಮನೆ ಅದು, ಅದಕ್ಕೇ ಎಂದು ವಿವರಿಸಿದೆ.

"ಕಿಡಕಿ ಒಡದ್ರ ಪಾಯಿಂಟ್ ಕೊಡ್ತಾರ? ನಮ್ಮ ಶಿಗ್ಗಾವ್ಯಾಗ ಬ್ಯಾರೇನ ಕೊಡ್ತಾರ್ರಿ."

ಮನೆ ತುಂಬ ನಗು. ನನ್ನ ಎದೆ ಉಬ್ಬಿತು. ಏಜೆಂಟರು ಆಡಿದರು, ಅನುಭವಸ್ಥರಾದರೂ ನಾಯಿಗೆ ಸಿಕ್ಕರು. ಅವರ ತಮ್ಮ ಕಾರಿಗೆ ಗುದ್ದಿದರು, ವರ ಗಟಾರಕ್ಕೆ ಬಿದ್ದ. ಮತ್ತೆ ನನ್ನ ಸರದಿ ಬಂತು. ಅತಿಥಿಗಳಿಗೆ ಬಿಟ್ಟುಕೊಡಬೇಕೆಂಬುದು ನನಗೆ ಗೊತ್ತಿತ್ತು. ಕೊಡಲಿಲ್ಲ. ಸೈಕಲ್ ಎಡಕ್ಕೆ ವಾಲಿದರೆ ನಾನೂ ವಾಲಿದೆ, ನನ್ನೊಂದಿಗೆ ಮೂವರೂ ವಾಲಿದರು.

ಕೊನೆಯ ಓಣಿ. ಬೆನ್ನ ಹಿಂದೆ ನಾಯಿ. ಅಷ್ಟರಲ್ಲಿ ಯಾರೋ ಬಂದು ಟಿವಿಗೆ ಅಡ್ಡ ನಿಂತರು.

"ಸ್ವಲ್ಪ ಬಾಜೂಕ ಸರಿಯವ್ವಾ, ಏನೂ ಕಾಣವಲ್ದು" ಎಂದೆ.

ಸರಿದರು. ಕೈಗೆ ಉಪ್ಪಿಟ್ಟು ಬಂತು, ಚಹಾ ಬಂತು. ನಾಲ್ವರೂ ಕಣ್ಣು ಕೀಳದೆ ತಿಂದು ಕುಡಿದೆವು. ಹಾವೇರಿ ಬಸ್ಸಿನ ಹೊತ್ತಾಯಿತೆಂದು ಅವರು ದಡಬಡಿಸಿ ಎದ್ದು ಹೊರಟರು. ಏಜೆಂಟರು ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು.

ಗೆದ್ದವನ ಹಾಗೆ ಅಡುಗೆಮನೆಗೆ ಹೋದೆ. ಅಕ್ಕ ಸೆರಗಿನಿಂದ ಮುಖ ಮುಚ್ಚಿ ಕುಳಿತಿದ್ದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ರೇಷ್ಮೆ ಸೀರೆಯುಟ್ಟು, ತಲೆ ತುಂಬ ಮಲ್ಲಿಗೆ ಮುಡಿದ ವಿಜಿ ಖಾಲಿ ತಟ್ಟೆ ಹಿಡಿದು ನಿಂತಿದ್ದಳು.

"ಮಾಮಾ, ನಾಯಿ ತಪ್ತೇನು?" ಎಂದಳು.

ಅಷ್ಟರಲ್ಲಿ ಫೋನು ಬಂತು. ಬಸ್ಸಿನಿಂದ ಏಜೆಂಟರು.

"ಉಪ್ಪಿಟ್ಟು ಚಲೋ ಇತ್ರಿ, ಆಟಾನೂ ಚಲೋ ಆತು. ಆದ್ರ ಒಂದ ಮಾತು. 'ಹುಡುಗಿ ಹೆಂಗದಾಳೋ?' ಅಂತ ನಾ ನಮ್ಮ ಹುಡುಗನ್ನ ಕೇಳಾಕತ್ತೇನಿ, ಅಂವ ನನ್ನ ಕೇಳಾಕತ್ತಾನ."

ಬಸ್ಸು ಕೆಟ್ಟಿರಲಿಲ್ಲ. ಕರೆಂಟು ಹೋಗಿರಲಿಲ್ಲ. ಸೋಫಾದ ಕಾಲು ಗಟ್ಟಿಯಾಗಿಯೇ ಇತ್ತು. ಹುಡುಗಿಯನ್ನು ಯಾರೂ ನೋಡಿರಲಿಲ್ಲ, ಅಷ್ಟೇ.