ಹೃದಯಕ್ಕೆ ಹೊರಿಸಿದ ಕರುಳಿನ ಕಾಯಿಲೆ

ಕಾಯಿಲೆಗಳಲ್ಲೂ ಮೇಲುಕೀಳು ಇದೆ ಎಂಬುದು ನನಗೆ ಐವತ್ತೆರಡನೇ ವಯಸ್ಸಿನಲ್ಲಿ ಗೊತ್ತಾಯಿತು. ಹೃದಯದ ಕಾಯಿಲೆಯವನು ಬಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಬೇರೆ ಲೋಟದಲ್ಲಿ ಚಹಾ ಬರುತ್ತದೆ. ನನಗೆ ಬಂದದ್ದು ದೊಡ್ಡ ಕರುಳಿನ ಕಾಯಿಲೆ, ಅದೂ ಅದರ ಕೊನೆಯ ತುದಿಗೆ ಹತ್ತಿರ. ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾನು ವರ್ಷ ವರ್ಷವೂ ಆ ಕರುಳಿನ ಚಿತ್ರ ಬೋರ್ಡಿನ ಮೇಲೆ ಬರೆಯುತ್ತೇನೆ. ಅಂಥದೊಂದು ನನ್ನ ಹೊಟ್ಟೆಯಲ್ಲೂ ಇದೆ ಅಂತ ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನಾಚಿಕೆ.

ಎಡ ಕಿಬ್ಬೊಟ್ಟೆಯಲ್ಲಿ ನೋವು, ಜ್ವರ ಅಂತ ಮೂರು ಸಲ ಹಾಸಿಗೆ ಹಿಡಿದೆ. ಶಿವಮೊಗ್ಗದ ಸರ್ಜನ್ ಸ್ಕ್ಯಾನ್ ನೋಡಿ, ಹಳೇ ಸೈಕಲ್ ಟ್ಯೂಬು ಅಲ್ಲಲ್ಲಿ ಉಬ್ಬುವ ಹಾಗೆ ನಿಮ್ಮ ಕರುಳಿನ ಗೋಡೆಯಲ್ಲಿ ಸಣ್ಣ ಸಣ್ಣ ಚೀಲಗಳಾಗಿವೆ, ಅವು ಪದೇ ಪದೇ ಊದುತ್ತಿವೆ ಎಂದರು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ನಾಲ್ಕು ತೂತು ಮಾಡಿ, ಕ್ಯಾಮೆರಾ ಬಿಟ್ಟು ಕೆಟ್ಟ ತುಂಡನ್ನು ತೆಗೆಯುತ್ತಾರಂತೆ. ರಜಾ ಅರ್ಜಿ ಕೊಡುವಾಗ ಸ್ಟಾಫ್ ರೂಮಿನಲ್ಲಿ ಎದೆ ಮುಟ್ಟಿಕೊಂಡು, ಸ್ವಲ್ಪ ಹಾರ್ಟಿನ ತೊಂದರೆ ಅಂದುಬಿಟ್ಟೆ. ಕನ್ನಡ ಮೇಡಂ ಕಣ್ಣಲ್ಲಿ ನೀರು ತಂದುಕೊಂಡರು. ತವರಿಗೂ ಹಾಗೇ ಹೇಳು ಅಂತ ಹೆಂಡತಿ ಗಿರಿಜೆಗೆ ಕಟ್ಟಪ್ಪಣೆ ಮಾಡಿದೆ.

ಆಪರೇಷನ್ ಸಲೀಸಾಗಿ ಆಯಿತು. ಆದರೆ ಹೊಟ್ಟೆಯಿಂದ ಗಾಳಿ ಹೋಗುವವರೆಗೆ ಗಂಜಿ ಇಲ್ಲ. ದಿನಾ ಬೆಳಿಗ್ಗೆ ಡಾಕ್ಟರು ವಾರ್ಡಿನ ಬಾಗಿಲಿಂದಲೇ, "ಗ್ಯಾಸ್ ಹೋಯ್ತೇನ್ರೀ?" ಅಂತ ಕೇಳುತ್ತಿದ್ದರು. ಎಂಟು ಮಂಚದವರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದೆ.

ಮೂರನೇ ದಿನ ಗಿರಿಜೆಯ ತಮ್ಮ ಪರಮೇಶಿ ಸೊರಬದಿಂದ ಬಸ್ಸು ಹಿಡಿದು ಬಂದ. ಕುಪ್ಪಗಡ್ಡೆಯಲ್ಲಿ ಗದ್ದೆ ಮಾಡಿಕೊಂಡಿರುವವನು. ಡಾಕ್ಟರಿಗೆ ಕೈಮುಗಿದು, ನಮ್ಮ ಭಾವನ ಹಾರ್ಟ್ ಈಗ ಹೆಂಗಿದೆ ಸಾಹೇಬ್ರೇ ಅಂತ ಕೇಳಿದ. ಹಾರ್ಟಿಗೆ ಏನಾಗಿದೆ, ನಾವು ತೆಗೆದದ್ದು ಕರುಳು ಅಂತ ಅವರು ನಿಂತಲ್ಲೇ ಎಲ್ಲ ವಿವರಿಸಿದರು. ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.

ಪರಮೇಶಿ ನಗಲಿಲ್ಲ. ಡಾಕ್ಟರು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದ: "ಭಾವಾ, ಹೋದ ವರ್ಷ ಗುಡವಿಗೆ ಹಕ್ಕಿ ನೋಡಕ್ಕೆ ಹೋದಾಗ ನಾನು ಕೇಳಿದ್ನಲ್ಲ, ಎಡಗಡೆ ನೋವು, ಜ್ವರ ಬರ್ತದೆ ಅಂತ. ಗ್ಯಾಸು, ಮಜ್ಜಿಗೆ ಕುಡಿ ಅಂದ್ರಿ. ಆಗ ನಿಮಗೂ ಇದೇ ಇತ್ತಾ?"

"ಇತ್ತು" ಅಂದೆ. ಅವತ್ತು ಕೆರೆ ದಂಡೆಯಲ್ಲಿ ಅವನಿಗೆ ಮಜ್ಜಿಗೆ ಹೇಳುವಾಗ ನನ್ನ ಕೈ ನನ್ನದೇ ಎಡ ಕಿಬ್ಬೊಟ್ಟೆಯನ್ನು ಒತ್ತಿಕೊಂಡಿತ್ತು. ವಿಜ್ಞಾನದ ಮೇಷ್ಟ್ರು ಹೇಳಿದ್ದು ಅಂತ ಅವನು ಅಂದಿನಿಂದ ಮಜ್ಜಿಗೆ ಕುಡಿಯುತ್ತಲೇ ಇದ್ದನಂತೆ.

ಅದೇ ಮಧ್ಯಾಹ್ನ ಗಿರಿಜೆ ಅವನನ್ನು ಸ್ಕ್ಯಾನಿಗೆ ಎಳೆದುಕೊಂಡು ಹೋದಳು. ಅವನ ಕರುಳಿನಲ್ಲೂ ಅಂಥ ಒಂದು ಚೀಲ ಒಡೆದು ಪಕ್ಕದಲ್ಲಿ ಕೀವು ಕಟ್ಟಿತ್ತು. ಮೊದಲು ಕೀವು ತೆಗೆದರು. ಆರು ವಾರ ಬಿಟ್ಟು ಆಪರೇಷನ್ನಿಗೆ ಹೋದಾಗ ಒಳಗೆ ಕರುಳೆಲ್ಲ ಅಂಟಿಕೊಂಡಿತ್ತು, ತೂತುಗಳಿಂದ ಆಗುವ ಕೆಲಸ ಅದಾಗಿರಲಿಲ್ಲ. ನನಗೆ ನಾಲ್ಕು ತೂತಿನ ಗುರುತು, ಅವನಿಗೆ ಹೊಕ್ಕುಳಿನ ಮೇಲಿಂದ ಕೆಳಗಿನವರೆಗೆ ಹೊಲಿಗೆ. ಬದುಕಿಕೊಂಡ. ನನ್ನನ್ನು ಒಂದು ಮಾತೂ ಅನ್ನಲಿಲ್ಲ.

ಅವನನ್ನು ನೋಡಲು ಹೋದ ದಿನ ಡಾಕ್ಟರು ಬಾಗಿಲಿಂದ ಅದೇ ಪ್ರಶ್ನೆ ಕೇಳಿದರು. ಪರಮೇಶಿ ಇಡೀ ವಾರ್ಡಿಗೆ ಕೇಳುವ ಹಾಗೆ, "ಹೋಯ್ತು ಸಾಹೇಬ್ರೇ, ಎರಡು ಸಲ" ಅಂದ. ಎಲ್ಲರೂ ನಕ್ಕರು. ಗಿರಿಜೆ ನಗುತ್ತಾ ಕಣ್ಣೊರೆಸಿಕೊಂಡಳು. ಪಕ್ಕದ ಮಂಚದ ಹಿರಿಯರು ನನ್ನತ್ತ ತಿರುಗಿ, ನಿಮಗೂ ಆಪರೇಷನ್ ಆಗಿದೆಯಂತಲ್ರೀ, ಏನಾಗಿತ್ತು ಅಂತ ಕೇಳಿದರು. ಹೇಳಿಬಿಡಬೇಕಾದ ಗಳಿಗೆ ಇದೇ ಅಂದುಕೊಂಡು ನೆಟ್ಟಗೆ ಕೂತೆ, ಗಂಟಲು ಸರಿಮಾಡಿಕೊಂಡೆ.

"ಹರ್ನಿಯಾ" ಅಂದೆ.